ಚಾರ್ಟಿನಲ್ಲಿ ಒಲೆ ಇರಲಿಲ್ಲ

ಇದ್ದ ಮನೆ ಮಾರಿ, ಅದೇ ಏಟಿಗೆ ಇನ್ನೊಂದು ದೊಡ್ಡ ಮನೆ ಕೊಳ್ಳುವುದು ನನ್ನ ಕೈಲಿ ಆಗದ ಕೆಲಸ ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಸಿದ್ದಲಿಂಗಪ್ಪನವರು. ಎರಡನೆಯ ಸಲ ಹೇಳಿದವರೂ ಅವರೇ. ಮೂರನೆಯ ಸಲ ನಮ್ಮ ಮನೆಗೇ ಬಂದು, ನನ್ನ ಹೆಂಡತಿ ಸುಮಾ ಕೊಟ್ಟ ಕಾಫಿ ಕುಡಿಯುತ್ತಾ ಹೇಳಿದರು.

"ಮಾರೋದು ಬೇರೆ, ಕೊಳ್ಳೋದು ಬೇರೆ ಕಣೋ ಮಹೇಶ. ಎರಡೂ ಒಟ್ಟಿಗೆ ಮಾಡಕ್ಕೋದೋರು ಬೀದೀಲಿ ಪಾತ್ರೆ ತೊಳ್ದವ್ರೆ. ನಿನ್ ಕೈಲಿ ಆಗಲ್ಲ."

ಮಾವ ಮದುವೆ ಮನೆಗಳಿಗೆ ಅಡುಗೆ ಒಪ್ಪಿಕೊಳ್ಳುವವರು. ಸಾವಿರ ಜನಕ್ಕೆ ಎಷ್ಟು ಸೇರು ಅಕ್ಕಿ ಎಂದು ಬೆರಳ ತುದಿಯಲ್ಲಿ ಹೇಳುತ್ತಾರೆ. ಓದಿದ್ದು ಮಾತ್ರ ನಾಲ್ಕನೇ ಕ್ಲಾಸು. ಅವರ ಭವಿಷ್ಯವಾಣಿಗೆ ಹೆದರುವ ಕಾಲ ನನಗೆ ಎಂದೋ ಕಳೆದಿತ್ತು. ನಾನು ಎಸ್ಸೆಸ್ಸೆಲ್ಸಿ ದಾಟುವುದಿಲ್ಲ ಎಂದಿದ್ದರು. ದಾಟಿದೆ. ಎರಡನೆಯ ಪ್ರಯತ್ನದಲ್ಲಿ, ಆದರೆ ದಾಟಿದೆ! ಡಿಗ್ರಿಯಂತೂ ಕನಸಿನ ಮಾತು ಎಂದಿದ್ದರು. ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿ, ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ತೂಕಡಿಸಿ, ಬಿ.ಕಾಂ. ಮುಗಿಸಿದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತಿದವರು ಬಹಳ, ಸಹಿ ಹಾಕಿದವರು ಕೆಲವರು, ಪದವಿ ಪಡೆದವನು ನಾನೊಬ್ಬನೇ.

ಘಟಿಕೋತ್ಸವಕ್ಕೆ ಹೋಗಲು ಅಂಗಡಿಯಲ್ಲಿ ರಜೆ ಸಿಗಲಿಲ್ಲ. ತಿಂಗಳು ಕಳೆದು ಯೂನಿವರ್ಸಿಟಿಗೆ ಹೋದಾಗ ಕಿಟಕಿಯ ಆಚೆಯಿದ್ದ ಗುಮಾಸ್ತರೊಬ್ಬರು ನನ್ನ ಮುಖ ನೋಡದೆ ಸರ್ಟಿಫಿಕೇಟನ್ನು ಹೊರಗೆ ತಳ್ಳಿ, "ಸೈನ್ ಮಾಡಿ. ನೆಕ್ಸ್ಟ್!" ಎಂದರು. ನನ್ನ ಘಟಿಕೋತ್ಸವ ಅಷ್ಟೇ. ಅದಕ್ಕೆ ನಾನೇ ತೇಗದ ಕಟ್ಟು ಹಾಕಿಸಿ, ಗಾಜು ಹೊದಿಸಿ, ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಹಾಲಿನಲ್ಲಿ ತೂಗುಹಾಕಿದೆ. ಅಮ್ಮ ದಿನಾ ಬೆಳಿಗ್ಗೆ ಮೊದಲು ದೇವರ ಫೋಟೋ, ಆಮೇಲೆ ಅದನ್ನು ಒರೆಸುತ್ತಿದ್ದಳು. ಎರಡರಲ್ಲೂ ಏನು ಬರೆದಿದೆ ಎಂದು ಅವಳಿಗೆ ಓದಲು ಬಾರದು.

ಆ ಫ್ರೇಮಿನ ಕೆಳಗೇ ಅಮ್ಮನ ಹಾಸಿಗೆ. ಗಾರ್ಮೆಂಟ್ಸಿನಲ್ಲಿ ಇಪ್ಪತ್ತು ವರ್ಷ ಕಾಲರ್ ಹೊಲಿದು ಆ ಮನೆ ಕಟ್ಟಿಸಿದವಳು ಅವಳು. ಇದ್ದ ಒಂದೇ ರೂಮನ್ನು ನನ್ನ ಮದುವೆಯ ದಿನ ನಮಗೆ ಬಿಟ್ಟುಕೊಟ್ಟು ಹಾಲಿಗೆ ಬಂದವಳು, ಅಲ್ಲೇ ಉಳಿದಳು. ಯಾರಾದರೂ ಬಂದರೆ ಹಾಸಿಗೆ ಸುತ್ತಿಟ್ಟು ಎದ್ದು ಕೂರುವುದು, ಅವರು ಹೋದ ಮೇಲೆ ಮತ್ತೆ ಹಾಸುವುದು. ಜ್ವರ ಬಂದರೂ ಹಾಗೇ.

ಆರ್‌ಪಿಸಿ ಲೇಔಟಿನಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ನೋಡಲು ಹೋದಾಗ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ನಾನು ಗೋಡೆ ಬಡಿದು ನೋಡಿದೆ, ಸುಮಾ ನಲ್ಲಿ ತಿರುಗಿಸಿ ನೋಡಿದಳು. ಅಮ್ಮ ಹಿಂದುಗಡೆಯ ಸಣ್ಣ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕಿದ ಸದ್ದು ಕೇಳಿತು. ತೆಗೆದ ಸದ್ದು. ಮತ್ತೆ ಹಾಕಿದ ಸದ್ದು. ಹೊರಗೆ ಬಂದು, "ಚಿಲಕ ಗಟ್ಟಿ ಐತೆ ಕಣಪ್ಪ" ಎಂದಳು.

ಅಂದೇ ನಿಶ್ಚಯಿಸಿದೆ. ಈ ಮನೆ ಕೊಳ್ಳಲೇಬೇಕು. ಕೊಳ್ಳಬೇಕಾದರೆ ಇದ್ದದ್ದನ್ನು ಮಾರಲೇಬೇಕು. ಬ್ರೋಕರ್ ಯಾಕೆ? ಬಿ.ಕಾಂ. ಯಾಕೆ ಇದೆ!

ಮೊದಲನೆಯ ಪ್ರಮಾದ ಪಕ್ಕದ ಲೇತ್ ಮಷೀನಿನದು. ನಮ್ಮ ಗೋಡೆಗೆ ಅಂಟಿಕೊಂಡೇ ಒಂದು ವರ್ಕ್‌ಶಾಪು. ಬೆಳಿಗ್ಗೆ ಎಂಟಕ್ಕೆ ಅದು 'ಕಿರ್ರ್' ಎಂದರೆ ನಮ್ಮ ಅಡುಗೆಮನೆಯ ಲೋಟಗಳು ತಾವಾಗಿ ನಡೆದಾಡುತ್ತವೆ. ಕೊಳ್ಳುವವರಿಗೆ ಇದು ತಿಳಿಯಬಾರದೆಂದು ನಾನು ಮನೆ ತೋರಿಸುವುದನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಂಡೆ. ಆರು ಭಾನುವಾರ ಜನ ಬಂದರು, ಹೋದರು. ಏಳನೆಯ ಭಾನುವಾರ ಬಂದವರು ಬಸವರಾಜ್. ಬಾಗಲಕೋಟೆ ಕಡೆಯವರು, ಜೊತೆಗೆ ಅವರ ಅವ್ವ. ಅವ್ವ ಎಲ್ಲ ನೋಡಿ ಸಪ್ಪಗೆ ಕುಳಿತರು.

"ಮನಿ ಚಲೋ ಐತ್ರಿ ಸರ. ಆದ್ರ ಬಾಳ ಶಾಂತ ಐತಿ" ಎಂದರು ಬಸವರಾಜ್. "ನಾವು ಹಿಟ್ಟಿನ ಗಿರಣಿ ಮ್ಯಾಲ ಹನ್ನೆರಡು ವರ್ಷ ಇದ್ದೇವ್ರಿ. ಮಷೀನ್ ಸಪ್ಪಳ ಇಲ್ದಿದ್ರ ನಮ್ಮವ್ವಗ ನಿದ್ದಿನ ಬರಂಗಿಲ್ಲ."

ನಾನು ಆರು ವಾರ ಬಚ್ಚಿಟ್ಟಿದ್ದು ಇದನ್ನು! ಅವರನ್ನು ಸೋಮವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಕರೆದೆ. ಮಷೀನು ಕಿರ್ರೆಂದಿತು, ಲೋಟ ನಡೆಯಿತು, ಅವ್ವನ ಮುಖ ಅರಳಿತು. ಮನೆ ಮಾರಾಟವಾಯಿತು.

ಇನ್ನು ಕೊಳ್ಳುವುದು. ಆರ್‌ಪಿಸಿ ಲೇಔಟಿನ ಮನೆಯ ಯಜಮಾನರು ಶ್ರೀಕಂಠಯ್ಯ, ನಿವೃತ್ತ ಸೂಪರಿಂಟೆಂಡೆಂಟ್. ನಂದಿನಿ ಲೇಔಟಿನಲ್ಲಿ ಫ್ಲಾಟು ತೆಗೆದುಕೊಂಡಿದ್ದರು. ಪಂಚಾಂಗ ತೆರೆದು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನೋಡ್ರೀ ಮಹೇಶ್, ಮುಂದಿನ ವಾರ ಆಷಾಢ. ಶುಕ್ರವಾರ ಬೆಳಿಗ್ಗೆ ಆರರಿಂದ ಏಳೂವರೆ, ಅದೇ ಕೊನೇ ಮುಹೂರ್ತ. ಅಷ್ಟರಲ್ಲಿ ನೀವು ಇಲ್ಲಿ ಹಾಲು ಉಕ್ಕಿಸಿದ್ರೆ ಸೋಮವಾರ ರಿಜಿಸ್ಟ್ರೇಷನ್. ಬೇರೆಯೋರ ಹಾಲು ಉಕ್ಕಿದ ಮನೇನ ವಾಪಸ್ ಕೇಳೋ ಪಾಪ ನನಗೆ ಬೇಡ. ಉಕ್ಕಲಿಲ್ಲ ಅಂದ್ರೆ ಆಷಾಢದಲ್ಲಿ ನಾನು ಕೊಡಲ್ಲ. ಶ್ರಾವಣಕ್ಕೆ ನನ್ನ ಹೆಂಡತಿ ತಮ್ಮ ಕೇಳ್ತಿದ್ದಾನೆ. ನಿಮ್ಮ ಮುಂಗಡ ವಾಪಸ್ ಕೊಟ್ಬಿಡ್ತೀನಿ."

"ಸಾರ್, ಏಳೂವರೆ ಯಾಕೆ, ಆರೂ ನಲವತ್ತಕ್ಕೆ ಉಕ್ಕಿಸ್ತೀನಿ" ಎಂದೆ.

ಕೊನೆಯ ಮುಹೂರ್ತ ನಮಗೊಬ್ಬರಿಗೇ ಅಲ್ಲವಲ್ಲ! ಶ್ರೀಕಂಠಯ್ಯನವರೂ ತಮ್ಮ ಫ್ಲಾಟಿನಲ್ಲಿ ಅದೇ ಬೆಳಿಗ್ಗೆ ಹಾಲು ಉಕ್ಕಿಸಬೇಕು. ಬಸವರಾಜರೂ ನಮ್ಮ ಮನೆಯಲ್ಲಿ ಅದೇ ಬೆಳಿಗ್ಗೆ ಉಕ್ಕಿಸಬೇಕು. ತನ್ನ ಹಾಲು ಉಕ್ಕದೆ ಯಾರೂ ಹಳೆಯ ಮನೆ ಬಿಡುವ ಹಾಗಿಲ್ಲ. ಮೂರು ಕುಟುಂಬ, ಮೂರು ಮನೆ, ಒಂದೂವರೆ ಗಂಟೆ. ಈಗ ಒಂದು ಕಂಪನಿಯ ಸ್ಟೋರ್ಸಿನಲ್ಲಿ ದಿನಕ್ಕೆ ನಲವತ್ತು ಲಾರಿ ಕಳಿಸುವವನಿಗೆ ಇದೊಂದು ಲೆಕ್ಕವೇ? ಚಾರ್ಟ್ ಪೇಪರ್ ತಂದು, ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ವೇಳಾಪಟ್ಟಿ ಬರೆದೆ. ಆರೂ ಹತ್ತಕ್ಕೆ ಶ್ರೀಕಂಠಯ್ಯ, ಆರೂ ನಲವತ್ತಕ್ಕೆ ನಾವು, ಏಳೂ ಹತ್ತಕ್ಕೆ ಬಸವರಾಜ್. ಟೆಂಪೋ, ಬೀಗದ ಕೈ, ಪುರೋಹಿತರ ತಟ್ಟೆ, ಎಲ್ಲಕ್ಕೂ ಒಂದೊಂದು ಕಾಲಂ. ಗೋಡೆಗೆ ಅಂಟಿಸಿ ದೂರ ನಿಂತು ನೋಡಿದೆ. ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಸುಮಾ ಸೊಪ್ಪು ಬಿಡಿಸುತ್ತಾ ಬಂದು ಓದಿದಳು.

"ರೀ, ಇದರಲ್ಲಿ ಒಲೆ ಎಲ್ಲಿದೆ?"

"ಒಲೆ ಏನು ಮಹಾ ಕಣೇ, ಅದು ಟೆಂಪೋ ಕಾಲಮ್ಮಲ್ಲೇ ಬರುತ್ತೆ."

"ಇರೋದು ಒಂದೇ ಒಲೆ, ಒಂದೇ ಸಿಲಿಂಡರು. ಯಾವಾಗ ಬಿಚ್ಚೋದು, ಯಾವಾಗ ಹಾಕೋದು?"

"ಸುಮಾ, ಇದನ್ನ ಪ್ಲಾನಿಂಗ್ ಅಂತಾರೆ."

ಅವಳು ಸೊಪ್ಪು ತೆಗೆದುಕೊಂಡು ಒಳಗೆ ಹೋದಳು. ಹೆಂಡತಿ ವಾದ ಮಾಡದೆ ಒಳಗೆ ಹೋದರೆ ಗಂಡ ಅಲ್ಲೇ ಎಚ್ಚೆತ್ತುಕೊಳ್ಳಬೇಕು. ಇದನ್ನು ಬಿ.ಕಾಂ.ನಲ್ಲಿ ಹೇಳಿಕೊಡುವುದಿಲ್ಲ.

ಶುಕ್ರವಾರ ಬಂತು. ಬೆಳಿಗ್ಗೆ ಐದೂಕಾಲಿಗೆ ಹಲ್ಲುಜ್ಜುತ್ತಿದ್ದಾಗ ಬಾಗಿಲು ಬಡಿಯಿತು. ತೆರೆದರೆ ಬಸವರಾಜ್, ಹಿಂದೆ ಅವ್ವ, ಅವರ ಹಿಂದೆ ಸಾಮಾನು ತುಂಬಿದ ಲಾರಿ!

"ಬಸವರಾಜ್, ನಿಮ್ದು ಏಳೂ ಹತ್ತಕ್ಕೆ!" ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಚಾರ್ಟ್ ತೋರಿಸಿದೆ.

"ಅದು ನಿಮ್ಮ ಪಟ್ಟಿರಿ ಸರ. ನಮ್ಮ ಮಠದ ಅಜ್ಜಾರು ಬ್ರಾಹ್ಮೀ ಮುಹೂರ್ತ ಅಂದಾರ. ಅವ್ವ ಕೇಳಂಗಿಲ್ಲ."

ಅವ್ವ ಆಗಲೇ ಬಲಗಾಲಿಟ್ಟು ಒಳಗೆ ಬಂದಿದ್ದರು. ನೇರ ಅಡುಗೆಮನೆ. ಅಲ್ಲಿ ಸುಮಾ ಕಾಫಿಗೆ ನೀರಿಟ್ಟಿದ್ದಳು. ಉರಿಯುತ್ತಿದ್ದ ಒಲೆ ಕಂಡು ಅವ್ವ ಎರಡೂ ಕೈ ಮುಗಿದರು.

"ನೋಡವ್ವಾ, ಬರೋದ್ರಾಗ ಉರಿಯೋ ಒಲಿ! ಬಾಳ ಚಲೋ ಶಕುನ!" ಎಂದು ನಮ್ಮ ಕಾಫಿ ನೀರನ್ನು ಕೆಳಗಿಳಿಸಿ, ತಮ್ಮ ಹಾಲಿನ ಪಾತ್ರೆಯನ್ನು ಮೇಲಿಟ್ಟರು.

ಹಾಲು ಉಕ್ಕಿತು. ಎಲ್ಲರೂ ಜೈ ಎಂದೆವು. ನಾನು ಸ್ಪ್ಯಾನರ್ ಹಿಡಿದು ಸಿಲಿಂಡರ್ ಕಡೆ ಬಗ್ಗಿದೆ. ಅವ್ವ ನನ್ನ ಕೈ ಮೇಲೆ ಪಟ್ಟೆಂದು ಹೊಡೆದರು.

"ಏ ತಮ್ಮಾ, ಏನ್ ಮಾಡ್ತಿ! ಹಾಲು ಉಕ್ಕಿದ ಒಲಿ ಆರಿಸ್ತಾರೇನು? ಅದರ ಮ್ಯಾಲ ಹುಗ್ಗಿ ಆಗಬೇಕು, ದೇವರಿಗೆ ಎಡಿ ಆಗಬೇಕು. ಅಲ್ಲಿತನಕ ಒಲಿ ಅಲುಗಾಡಸಬಾರ್ದು."

"ಎಷ್ಟೊತ್ತಾಗುತ್ತೆ ಅಮ್ಮಾ?"

"ಗೋದಿ ಹುಗ್ಗಿ. ಇನ್ನೂ ಗೋದಿ ಕುಟ್ಟಬೇಕು."

ಸಾಮಾನು ಸಾಗಿಸಲೆಂದು ಹಿಂದಿನ ರಾತ್ರಿಯೇ ಬಂದು, ಈಗ ಬಾಗಿಲಲ್ಲಿ ನಿಂತಿದ್ದ ಮಾವ ಮೀಸೆಯಡಿ ನಕ್ಕರು. ನನಗೆ ಕೇಳುವಂತೆಯೇ ನಕ್ಕರು.

"ಬಿಡಿ, ಶ್ರೀಕಂಠಯ್ಯನವರ ಒಲೆ ಇರುತ್ತಲ್ಲ!" ಎಂದು ಹುರುಪಿನಿಂದ ಎಲ್ಲರನ್ನೂ ಟೆಂಪೋ ಹತ್ತಿಸಿದೆ. ಸುಮಾ ಮಡಿಲಲ್ಲಿ ಕಳಶ ಮತ್ತು ಉಕ್ಕಿಸಲು ಹಾಲು, ಪಾತ್ರೆ; ಅಮ್ಮನ ಮಡಿಲಲ್ಲಿ ದೇವರ ಫೋಟೋ. ನನ್ನ ಮಡಿಲಲ್ಲಿ ಡಿಗ್ರಿ ಸರ್ಟಿಫಿಕೇಟಿನ ಫ್ರೇಮು. ಬೀರು, ಮಂಚ, ಟೀವಿ ಎಲ್ಲವನ್ನೂ ಟೆಂಪೋ ನಂಬಿ ಕಳಿಸಬಹುದು, ಇದನ್ನಲ್ಲ.

ಆರ್‌ಪಿಸಿ ಲೇಔಟಿಗೆ ಬಂದಾಗ ಆರೂ ಇಪ್ಪತ್ತು. ಶ್ರೀಕಂಠಯ್ಯನವರು ಗೇಟಿನ ಮುಂದೆ, ಪಂಚೆ ಉಟ್ಟು, ಕುರ್ಚಿ ಹಾಕಿಕೊಂಡು ಒಬ್ಬರೇ ಕುಳಿತಿದ್ದರು. ಒಂದು ಕೈಯಲ್ಲಿ ಮನೆಯ ಬೀಗದ ಕೈ, ಇನ್ನೊಂದರಲ್ಲಿ ಮೊಬೈಲು. ಮನೆಯೊಳಗೆ ಒಂದು ಚಮಚವೂ ಇರಲಿಲ್ಲ.

"ಒಲೆ, ಸಾಮಾನು ಎಲ್ಲಾ ಮನೆಯೋರ ಜೊತೆ ನಂದಿನಿ ಲೇಔಟಿಗೆ ಹೋಯ್ತು" ಎಂದರು. "ಅಲ್ಲಿ ಹಾಲು ಉಕ್ಕಿದ ತಕ್ಷಣ ಅವಳು ಮಿಸ್ಡ್ ಕಾಲ್ ಕೊಡ್ತಾಳೆ. ಆಗ ಬೀಗದ ಕೈ ನಿಮ್ಮದು. ಅಲ್ಲೀವರೆಗೂ ಇದು ನನ್ನ ಮನೆ."

ಆರೂವರೆ ಆಯಿತು. ಮುಕ್ಕಾಲಾಯಿತು. ನಾವು ಐದು ಜನ ರಸ್ತೆಯಲ್ಲಿ ನಿಂತು ಒಂದು ಮೊಬೈಲನ್ನೇ ನೋಡುತ್ತಿದ್ದೆವು. ಹಾಲಿನವನು ಸೈಕಲ್ ನಿಲ್ಲಿಸಿ, ಯಾರು ಹೋಗಿಬಿಟ್ಟರು ಎಂದು ಮೆಲ್ಲಗೆ ವಿಚಾರಿಸಿದ.

ನನಗೆ ತಾಳ್ಮೆ ಮೀರಿತು. ಆಚೆ ಹೋಗಿ, ಒಪ್ಪಂದದ ಪತ್ರದಲ್ಲಿದ್ದ ಶ್ರೀಕಂಠಯ್ಯನವರ ಹೆಂಡತಿಯ ನಂಬರಿಗೆ ನಾನೇ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಪದವೀಧರನ ಛಲ! ಹನ್ನೊಂದು ಸಲ ಮಾಡಿದೆ. ಹನ್ನೆರಡನೆಯ ಸಲಕ್ಕೆ 'ಸ್ವಿಚ್ ಆಫ್ ಆಗಿದೆ' ಎಂಬ ಹೆಣ್ಣುದನಿ ಬಂತು. ಶ್ರೀಕಂಠಯ್ಯನವರೂ ಹೆಂಡತಿಗೆ ಫೋನ್ ಮಾಡಿದರು. ಅದೇ ಹೆಣ್ಣುದನಿ.

"ಏನಾಯ್ತೋ ಏನೋ" ಎಂದು ಅವರು ಕುರ್ಚಿಯಿಂದ ಎದ್ದು ನಿಂತರು.

ಏಳು ಗಂಟೆ. ಹಳೆಯ ಮನೆಯಲ್ಲಿ ಬೇರೆಯವರ ಹಾಲು ಉಕ್ಕಿ ಹುಗ್ಗಿ ಬೇಯುತ್ತಿದೆ. ಹೊಸ ಮನೆಯಲ್ಲಿ ನಮ್ಮ ಹಾಲು ಉಕ್ಕಿಲ್ಲ. ಅಮ್ಮ ದೇವರ ಫೋಟೋ ಹಿಡಿದು ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತಿದ್ದಳು. "ನಂಗೆ ಹಾಲೇ ಅಭ್ಯಾಸ ಆಗೈತೆ ಬಿಡಪ್ಪ. ನೀನು ಚಿಂತೆ ಮಾಡ್ಬೇಡ" ಎಂದಳು. ಅವಳು ಹೇಳಿದ್ದು ಮಲಗುವ ಹಾಲು. ಆ ಹಾಲೂ ಈಗ ನಮ್ಮದಾಗಿ ಉಳಿದಿರಲಿಲ್ಲ.

ಏಳೂ ಹತ್ತಕ್ಕೆ ಪಕ್ಕದ ಮನೆಯ ಆಂಟಿ ಓಡಿ ಬಂದರು. "ಶ್ರೀಕಂಠಯ್ಯನೋರೇ, ನಮ್ಮ ಲ್ಯಾಂಡ್‌ಲೈನಿಗೆ ನಿಮ್ಮ ಮನೆಯೋರು! ಕಾಯಿನ್ ಬೂತಿಂದ ಮಾಡಿದಾರೆ!"

ಶ್ರೀಕಂಠಯ್ಯನವರು ಓಡಿದರು. ಎರಡು ನಿಮಿಷಕ್ಕೆ ವಾಪಸ್ ಬಂದರು. ಮುಖ ಕೆಂಪಾಗಿತ್ತು.

"ಹಾಲು ಆರೂ ಇಪ್ಪತ್ತೈದಕ್ಕೇ ಉಕ್ಕಿದೆಯಂತೆ ಕಣ್ರೀ! ಮಿಸ್ಡ್ ಕಾಲ್ ಕೊಡೋಣ ಅಂತ ಸಾಮಾನಿನ ರಾಶೀಲಿ ಕಾಲು ಗಂಟೆ ಫೋನ್ ಹುಡುಕಿ ತೆಗೆಯೋ ಹೊತ್ತಿಗೆ ಯಾವನೋ ಪೋಲಿ ಮೇಲಿಂದ ಮೇಲೆ ಕಾಲ್ ಮಾಡಕ್ಕೆ ಶುರು ಮಾಡಿದನಂತೆ. ಹೆದರಿ ಆಫ್ ಮಾಡಿದಾಳೆ. ನನ್ನ ನಂಬರ್ ಆ ಫೋನಲ್ಲೇ ಇರೋದು, ಅದಕ್ಕೇ ಲ್ಯಾಂಡ್‌ಲೈನಿಗೆ ಮಾಡಿದ್ದು. ನಂಬರ್ ಬರ್ಕೊಂಡಿದಾಳೆ. ಅವನನ್ನ ಸ್ಟೇಷನ್ನಿಗೆ ಹಾಕಿಸ್ತೀನಿ, ಇರಿ. ತೊಂಬತ್ತೆಂಟು, ನಲವತ್ತೈದು..."

ಅವರು ಅಂಗೈ ಮೇಲೆ ಬರೆದುಕೊಂಡಿದ್ದನ್ನು ಓದುತ್ತಾ ಹೋದಂತೆ ಸುಮಾ ನನ್ನ ಕಡೆ ತಿರುಗಿದಳು. ಅಮ್ಮನೂ ತಿರುಗಿದಳು. ಕೊನೆಯ ಎರಡು ಅಂಕಿಗಳನ್ನು ನಾನೇ ಹೇಳಿ ಮುಗಿಸಿದೆ.

ಆ ಮಹಾನುಭಾವರು ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಬೀಗದ ಕೈಯನ್ನು ನನ್ನ ಕೈಗೆ ಕೊಡಲಿಲ್ಲ. ಸುಮಾ ಕೈಗೆ ಕೊಟ್ಟರು.

"ಹದಿನೇಳು ನಿಮಿಷ ಇದೆಯಮ್ಮಾ" ಎಂದರು.

ಒಲೆ? ಚಾರ್ಟಿನಲ್ಲಿ ಇರಲಿಲ್ಲ! ಪಕ್ಕದ ಆಂಟಿ ತಮ್ಮದನ್ನು ಕೊಡಲು ಹಿಂಜರಿದರು. ಶುಕ್ರವಾರ ಮನೆಯ ಒಲೆ ಹೊರಗೆ ಹೋಗಬಾರದು. ಅದೂ ಸರಿಯೇ. ಆಗ ಮಾವ ಹೆಗಲ ಟವೆಲ್ ತೆಗೆದು ಸೊಂಟಕ್ಕೆ ಬಿಗಿದರು.

"ಆಯ್ತಾ ನಿಂದು? ಪಕ್ಕಕ್ಕೆ ನಿಂತ್ಕೋ. ಮೂರು ಇಟ್ಟಿಗೆ ತಗೊಂಬಾ."

ಎದುರು ಸೈಟಿನಿಂದ ಇಟ್ಟಿಗೆ ಬಂತು. ಪಕ್ಕದ ಆಂಟಿ ಪಾಪ, ಎರಡು ತೆಂಗಿನ ಚಿಪ್ಪು, ಒಂದಿಷ್ಟು ನಾರು ಕೊಟ್ಟರು. ಮಾವ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿಗೆ ಹೂಡಿ ಬೆಂಕಿ ಹಚ್ಚಿದರು. ಸುಮಾ ಪಾತ್ರೆ ತುಂಬ ಹಾಲು ಸುರಿಯಲು ಹೋದಳು.

"ಅಷ್ಟ್ಯಾಕವ್ವ? ಅರ್ಧ ಲೋಟ ಹಾಕು. ಉಕ್ಕಿದ್ರೆ ಸಾಕು, ಯಾರೂ ಅಳತೆ ಕೇಳಲ್ಲ."

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಬಂತು ಗಾಳಿ. ಆಷಾಢಕ್ಕೆ ಇನ್ನೂ ನಾಲ್ಕು ದಿನ ಇತ್ತು, ಆದರೆ ಆಷಾಢದ ಗಾಳಿ ಪಂಚಾಂಗ ನೋಡುವುದಿಲ್ಲ. ಕಿಟಕಿಯ ಒಂದು ಬಾಗಿಲು ರಿಪೇರಿಗೆಂದು ಬಿಚ್ಚಿದ್ದು ಹಾಗೇ ಇತ್ತು. ಬೆಂಕಿ ನಂದಿತು. ಮಾವ ಹಚ್ಚಿದರು. ಮತ್ತೆ ನಂದಿತು. ಮತ್ತೆ ಹಚ್ಚಿದರು. ಸುಮಾ ಸೆರಗು ಅಡ್ಡ ಹಿಡಿಯಲು ಹೋದರೆ ಮಾವ ಗದರಿದರು.

"ಸೀರೆಗೆ ಬೆಂಕಿ ಹತ್ಕಂಡೀತು! ಹಲಗೆ, ರಟ್ಟು, ಏನಾದ್ರೂ ಅಡ್ಡ ಕೊಡ್ರಪ್ಪ!"

ಹಲಗೆ, ರಟ್ಟು, ತಟ್ಟೆ, ಮೊರ ಎಲ್ಲವೂ ಟೆಂಪೋದಲ್ಲಿ, ಬೀರುವಿನ ಕೆಳಗೆ. ಗಂಟೆ ಏಳೂ ಇಪ್ಪತ್ತೆರಡು. ಮಾವನ ಕಣ್ಣು ಅಡುಗೆಮನೆಯನ್ನೆಲ್ಲ ಸುತ್ತಿ ಬಂದು ನನ್ನ ಎದೆಯ ಹತ್ತಿರ ನಿಂತಿತು.

"ಅದು ಕೊಡು."

"ಮಾವ, ಇದು ಒರಿಜಿನಲ್!"

"ನಾನೇನು ಜೆರಾಕ್ಸ್ ಕೇಳಿದ್ನಾ? ಕೊಡೋ!"

ನಾನು ಫ್ರೇಮನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ. ಮೊಳೆ ತೂಗಿದ ಹಗಲು, ತೂಕಡಿಸಿದ ಸಂಜೆ, ಎಲ್ಲ ಅದರೊಳಗೆ ಇದ್ದವು. ಕೊಡಬೇಡ ಎಂದು ಅಮ್ಮ ಹೇಳುತ್ತಾಳೆಂದು ಅವಳ ಕಡೆ ನೋಡಿದೆ. ದಿನಾ ಅದನ್ನು ಒರೆಸಿದವಳು ಅವಳಲ್ಲವೇ? ಅಮ್ಮ ನನ್ನನ್ನಾಗಲಿ ಫ್ರೇಮನ್ನಾಗಲಿ ನೋಡುತ್ತಿರಲಿಲ್ಲ. ಹಿಂದುಗಡೆಯ ಸಣ್ಣ ರೂಮಿನ ಬಾಗಿಲನ್ನು ನೋಡುತ್ತಿದ್ದಳು. ಗಾಳಿಗೆ ಅದು ತಾನೇ ತೆರೆದು, ತಾನೇ ಮುಚ್ಚುತ್ತಿತ್ತು.

ಕೊಟ್ಟೆ.

ಮಾವ ಅದನ್ನು ಅಡ್ಡಡ್ಡ ಹಿಡಿದು ಕಿಟಕಿಗೆ ಬೆನ್ನು ಮಾಡಿ ನಿಂತರು. ಗಾಳಿ ಅಲ್ಲಿಗೇ ನಿಂತಿತು. ಬೆಂಕಿ ನೆಟ್ಟಗಾಯಿತು. ಚಿಪ್ಪು ಚಟಪಟ ಎಂದಿತು. ನಾರಿನ ಹೊಗೆ ಕುಲಪತಿಗಳ ಸಹಿಯ ಕಡೆಗೆ ಏರಿತು. ಗಾಜು 'ಟಣ್' ಎಂದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿತು. ಯಾರೂ ಅಲುಗಾಡಲಿಲ್ಲ. ಅರ್ಧ ಲೋಟ ಹಾಲು ನೊರೆಯಾಗಿ, ಗುಡ್ಡವಾಗಿ, ಅಂಚಿಗೆ ಬಂದು, ಅಲ್ಲೇ ಯೋಚನೆ ಮಾಡುತ್ತಾ ನಿಂತಿತು.

"ಉಕ್ಕೇ ತಾಯಿ" ಎಂದಳು ಅಮ್ಮ.

ಉಕ್ಕಿತು! ಏಳೂ ಇಪ್ಪತ್ತೆಂಟು!

ಶ್ರೀಕಂಠಯ್ಯನವರೇ ಮೊದಲು ಚಪ್ಪಾಳೆ ತಟ್ಟಿದರು. ಸುಮಾ ನನ್ನ ಕಡೆ ನೋಡಿ, "ಪ್ಲಾನಿಂಗ್" ಎಂದಳು, ಅಷ್ಟೇ. ಆ ಗಲಾಟೆಯಲ್ಲಿ ಅಮ್ಮ ಎಲ್ಲಿ ಎಂದು ಹುಡುಕಿದೆ. ಹಿಂದುಗಡೆ ಚಿಲಕ ಹಾಕಿದ ಸದ್ದು ಕೇಳಿತು. ತೆಗೆದ ಸದ್ದು ಬಹಳ ಹೊತ್ತು ಕೇಳಲಿಲ್ಲ.

ಮಧ್ಯಾಹ್ನ ಬಸವರಾಜ್ ನಮ್ಮ ಒಲೆ, ಸಿಲಿಂಡರು ಮತ್ತು ದೊಡ್ಡ ಡಬ್ಬಿಯ ತುಂಬ ಗೋಧಿ ಹುಗ್ಗಿಯನ್ನು ಆಟೋದಲ್ಲಿ ತಂದುಕೊಟ್ಟರು. ಜೊತೆಗೆ, ಮರೆತು ಗೋಡೆಯ ಮೇಲೆ ಬಿಟ್ಟುಬಂದಿದ್ದ ನನ್ನ ಚಾರ್ಟನ್ನೂ ನೀಟಾಗಿ ಮಡಚಿ ತಂದಿದ್ದರು. ಸುಮಾ ಅದನ್ನು ಅಡುಗೆಮನೆಯ ಷೆಲ್ಫಿಗೆ ಹಾಸಿದಳು.

ನಾನು ಹೊಸ ಹಾಲಿನಲ್ಲಿ ಒಂದು ಮೊಳೆ ಹಿಡಿದು, ಯಾವ ಗೋಡೆಗೆ ಹೊಡೆಯಲಿ ಎಂದು ನಿಂತಿದ್ದೆ. ಮಾವ ಫ್ರೇಮು ತಂದರು. ಸೀಳಿದ ಗಾಜು, ಮಸಿ ಹಿಡಿದ ಕಟ್ಟು, ಸೀಳಿನಲ್ಲಿ ಇಳಿದು ನನ್ನ ಹೆಸರಿನ ಪಕ್ಕದಲ್ಲೇ ಒಣಗಿದ ಒಂದು ಹನಿ ಹಾಲು. ಅವರು ಸೊಂಟದ ಟವೆಲ್ ಬಿಚ್ಚಿ ಅದನ್ನು ಒರೆಸಿದರು, ಆ ಟವೆಲನ್ನೇ ಗೌನಿನ ಹಾಗೆ ಎರಡೂ ಹೆಗಲ ಮೇಲೆ ಹೊದ್ದುಕೊಂಡರು, ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ನಾನೂ ಎರಡೂ ಕೈ ಚಾಚಿ, ಬಗ್ಗಿ ತೆಗೆದುಕೊಂಡೆ. ಮಾವನ ಭವಿಷ್ಯ ಈ ಸಲ ಸುಳ್ಳಾಗಿರಲಿಲ್ಲ. ಕೆಲಸವೇನೋ ಆಗಿತ್ತು, ನನ್ನ ಕೈಲಿ ಮಾತ್ರ ಆಗಿರಲಿಲ್ಲ.

"ತಗೋಪ್ಪ" ಎಂದರು ಮಾವ. "ಇಷ್ಟು ವರ್ಷದಲ್ಲಿ ಇವತ್ತೊಂದಿನ ಉಪಯೋಗಕ್ಕೆ ಬಂತು ನೋಡು, ನಿನ್ ಡಿಗ್ರಿ."